ಹಾಸಿನ ಓಣಿಯ ಶಾಸಕ

ಪಾಂಡಪ್ಪ ಹಣಗಿಯ ಬಗ್ಗೆ ಒಳ್ಳೆಯ ಮಾತು ಬೇಕಾದವರು ಕದರಕೊಪ್ಪದ ಬಸ್ ನಿಲ್ದಾಣಕ್ಕೆ ಹೋಗಿ ಅಲ್ಲಿ ಗೋಡೆಗೆ ಕೂರಿಸಿದ ಕಲ್ಲನ್ನು ಓದಬಹುದು. ಸ್ವಾತಂತ್ರ್ಯಯೋಧ, ಏಕೀಕರಣದ ಹೋರಾಟಗಾರ, ನೇಕಾರರ ಬಂಧು, ಮಾಜಿ ಶಾಸಕ ಎಂದು ಅದರಲ್ಲಿ ಕೆತ್ತಿದೆ. ನಾಲ್ಕರಲ್ಲಿ ಕೊನೆಯದು ಮಾತ್ರ ನಿಜ, ಅದೂ ನಮ್ಮ ದುರದೃಷ್ಟದಿಂದ. ಉಳಿದ ಮೂರು ಕಲ್ಲಿನ ಮೇಲೆ ಹೇಗೆ ಬಂದವು ಎಂಬುದನ್ನು ಬಲ್ಲವರು ಈಗ ಹೆಚ್ಚು ಜನ ಇಲ್ಲ. ಇರುವವರೂ ಹೇಳುವುದಿಲ್ಲ. ಅವರಲ್ಲಿ ಕೆಲವರು ಅವನಿಂದ ಉಪಕಾರ ಪಡೆದವರು, ಉಳಿದವರು ಪಡೆಯಲು ಕಾಯ್ದು ಕಾಯ್ದು ಮುದುಕರಾದವರು.

ಶಿರಹಟ್ಟಿಯಿಂದ ಮುಂಡರಗಿಯ ಕಡೆಗೆ ಹೋಗುವ ಹಾದಿಯಲ್ಲಿ ಕದರಕೊಪ್ಪ ನೇಕಾರರ ಊರು. ಅಲ್ಲಿನ ಓಣಿಗಳೆಲ್ಲ ಸೊಟ್ಟ. ಬನಶಂಕರಿಯ ಗುಡಿಯಿಂದ ಹುಣಸೆಮರದವರೆಗಿನ ಓಣಿಯೊಂದು ಮಾತ್ರ ನೂಲು ಹಿಡಿದಂತೆ ನೇರ. ಅದಕ್ಕೆ ಹಾಸಿನ ಓಣಿ ಎಂದು ಹೆಸರು. ಸೀರೆಯ ಉದ್ದದ ಎಳೆಗಳಿಗೆ ಹಾಸು ಎನ್ನುತ್ತಾರೆ. ಮಗ್ಗಕ್ಕೆ ಏರಿಸುವ ಮೊದಲು ಆ ಹಾಸನ್ನು ಓಣಿಯ ಉದ್ದಕ್ಕೂ ಬಿದಿರುಗಳ ಮೇಲೆ ಬಿಗಿದು ಕಟ್ಟಿ, ಜೋಳದ ಗಂಜಿ ಹಚ್ಚಿ, ಅದು ಆರುವ ತನಕ ಕುಂಚದಿಂದ ತಿಕ್ಕುತ್ತಲೇ ಇರಬೇಕು. ಕೈ ನಿಂತರೆ ಎಳೆಗಳು ಒಂದಕ್ಕೊಂದು ಅಂಟಿ ಹಗ್ಗದಂತಾಗುತ್ತವೆ. ಹಸಿಯಿದ್ದಾಗಲೇ ಸುತ್ತಿ ಎತ್ತಿದರೂ ಅದೇ ಗತಿ. ಆ ಮನೆಯ ದುಡಿಮೆ ಮಣ್ಣುಪಾಲು.

ಆದ್ದರಿಂದ ಓಣಿಗೆ ಅದರದೇ ಕಟ್ಟಳೆಗಳಿದ್ದವು. ಹಸಿ ಹಾಸು ಇರುವಾಗ ಯಾರೂ ಅದನ್ನು ದಾಟುವಂತಿಲ್ಲ, ಗಾಡಿ ಇರಲಿ, ಗೌಡನ ಕುದುರೆಯಿರಲಿ. ಯಾರದೇ ಹಾಸು ಹೊರಗೆ ಬಿದ್ದರೂ ಎಲ್ಲ ಮನೆಗಳವರೂ ಕುಂಚ ಹಿಡಿದು ಬರಬೇಕು. ಅದಕ್ಕೆ ಕರೆ ಕಳುಹಿಸುವ ರೂಢಿ ಇರಲಿಲ್ಲ. ಕರೆದರೆ ಅದು ಅವಮಾನ, ನಿನ್ನನ್ನು ಓಣಿಯವನೆಂದು ಎಣಿಸಿಲ್ಲ ಎಂದಂತೆ. ಪಾಂಡಪ್ಪನ ತಂದೆ ಸತ್ತ ದಿನ ಎದುರು ಮನೆಯವರ ಹಾಸು ಓಣಿಯಲ್ಲಿತ್ತು. ಹಿರಿಯ ಮಗ ಗೋಪಣ್ಣ ಹೆಣವನ್ನು ಕಟ್ಟೆಯ ಮೇಲೆ ಇಳಿಸಿ ತಾನೂ ಒಂದು ಕುಂಚ ತೆಗೆದುಕೊಂಡ. ಹಾಸು ಆರಿದ ಮೇಲೆ ತಂದೆಯನ್ನು ಎತ್ತಿದರು. ಅಷ್ಟು ಹೊತ್ತು ಗುಡಿಯ ಕಟ್ಟೆಯ ಮೇಲೆ ಕುಳಿತು ಬೀಡಿ ಸೇದುತ್ತ "ಎಷ್ಟೊತ್ತು ಕಾಯೂದಪಾ ಇದು" ಎಂದವನು ಕಿರಿಯ ಮಗ ಪಾಂಡಪ್ಪ ಒಬ್ಬನೇ.

ಅವನಿಗೆ ನೇಯುವುದು ಬರುತ್ತಿರಲಿಲ್ಲ ಎಂದಲ್ಲ. ಹುಟ್ಟಿದ ಮನೆಯಲ್ಲಿ ಮಗ್ಗವಿದ್ದವನಿಗೆ ಅದು ಬಾರದಿರಲು ಸಾಧ್ಯವಿಲ್ಲ. ಆದರೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂರುವುದು ಅವನಿಗೆ ಆಗದ ಮಾತು. ನಾಲಿಗೆ ಮಾತ್ರ ಚೆನ್ನಾಗಿತ್ತು. ಬೆಟಗೇರಿಯ ವ್ಯಾಪಾರಿಗಳಿಂದ ನೂಲು ತಂದು ಊರಿನವರಿಗೆ ಕೊಡುವ, ಊರಿನ ಸೀರೆ ಒಯ್ದು ಅವರಿಗೆ ಮುಟ್ಟಿಸುವ ಕೆಲಸ ಹಿಡಿದ. ಗೋಪಣ್ಣನ ಹೆಂಡತಿ ಬನಶಂಕರೆವ್ವ ಅವನಿಗೆ ಹೊತ್ತುಹೊತ್ತಿಗೆ ರೊಟ್ಟಿ ಬಡಿದು ಹಾಕಿದಳು. ಅವಳು ಆ ಮನೆಗೆ ಸೊಸೆಯಾಗಿ ಬಂದಾಗ ಅವನಿನ್ನೂ ಚಡ್ಡಿ ಹಾಕುತ್ತಿದ್ದ, ಹಾಗಾಗಿ ಅವಳ ಪಾಲಿಗೆ ಅವನು ಕೊನೆಯವರೆಗೂ ಪಾಂಡ್ಯಾನೇ.

ಯುದ್ಧ ಬಂತು, ಕಂಟ್ರೋಲು ಬಂತು, ನೂಲಿಗೆ ಬರ ಬಂತು. ಬೇರೆಯವರು ಹಣೆ ಚಚ್ಚಿಕೊಂಡಾಗ ಪಾಂಡಪ್ಪನ ಭಾಗ್ಯ ತೆರೆಯಿತು. ಕದರಕೊಪ್ಪದ ಹಳ್ಳದ ಈಚೆ ಮುಂಬೈ ಸರಕಾರ, ಆಚೆ ಶಿರಹಟ್ಟಿ, ಲಕ್ಷ್ಮೇಶ್ವರಗಳ ಸಂಸ್ಥಾನದ ಸೀಮೆ. ದಕ್ಷಿಣಕ್ಕೆ ಕೊರ್ಲಹಳ್ಳಿಯಲ್ಲಿ ತುಂಗಭದ್ರೆ ದಾಟಿದರೆ ಮದರಾಸು. ಮೂರು ಕಡೆ ಮೂರು ಕಾಯ್ದೆ. ಒಂದು ಕಡೆ ಸಿಗದ್ದು ಇನ್ನೊಂದು ಕಡೆ ಸಿಗುತ್ತಿತ್ತು. ಪಾಂಡಪ್ಪ ರಾತ್ರಿಯೆಲ್ಲ ಗಾಡಿ ಹೊಡೆಸಿದ. ಊರಿನವರ ಮಗ್ಗ ಅವನ ದಯೆಯಿಂದ ನಡೆಯಿತು, ಅವನು ಹೇಳಿದ ದರಕ್ಕೆ ನಡೆಯಿತು.

ಒಮ್ಮೆ ಲಕ್ಷ್ಮೇಶ್ವರದ ಸುಂಕದ ನಾಕೆಯಲ್ಲಿ ಸಂಸ್ಥಾನದ ಪೊಲೀಸು ಫಕೀರಸಾಬ ಅವನ ಗಾಡಿ ನಿಲ್ಲಿಸಿದ. ಮೇಲೆ ಹತ್ತಿಕಾಳಿನ ಚೀಲಗಳು, ಕೆಳಗೆ ನೂಲಿನ ಗಂಟುಗಳು.

"ಏನೈತಲೇ ಗಾಡ್ಯಾಗ?"

"ಹತ್ತಿಕಾಳ್ರಿ ಸಾಹೇಬ್ರ. ಎಮ್ಮಿಗೆ."

"ಎಷ್ಟ ಎಮ್ಮಿ ಕಟ್ಟೀದಿ?"

"ಒಂದ ಐತ್ರಿ."

"ಒಂದ ಎಮ್ಮಿಗೆ ಗಾಡಿ ತುಂಬ ಕಾಳ? ಎಮ್ಮಿ ಹಿಂಡತಿಯೋ, ಆನಿ ಹಿಂಡತಿಯೋ?"

ಚೀಲಗಳನ್ನು ಇಳಿಸಿದರು, ನೂಲು ಕಂಡಿತು, ಪಾಂಡಪ್ಪ ಠಾಣೆಯ ಕೋಣೆ ಸೇರಿದ. ಗೋಪಣ್ಣ ಬಂದು ಕೈಕಾಲು ಹಿಡಿದು ಬಿಡಿಸಿಕೊಂಡು ಹೋದ. ಹಿಡಿದವನಿಗಾಗಲಿ ಸಿಕ್ಕವನಿಗಾಗಲಿ ಆ ವರ್ಷ ಯಾವುದೆಂಬುದು ಆಗ ಮುಖ್ಯವಾಗಿರಲಿಲ್ಲ. ಅದು ಸಾವಿರದ ಒಂಬೈನೂರ ನಲವತ್ತೆರಡು. ಸಿಕ್ಕಿಬೀಳಲು ಅದಕ್ಕಿಂತ ಒಳ್ಳೆಯ ವರ್ಷ ಈ ದೇಶದ ಚರಿತ್ರೆಯಲ್ಲಿ ಇನ್ನೊಂದಿಲ್ಲ.

ದೇಶ ಸ್ವತಂತ್ರವಾಯಿತು. ಮರುವರ್ಷ ಸಂಸ್ಥಾನಗಳು ವಿಲೀನವಾದವು. ಫಕೀರಸಾಬನ ನೌಕರಿ ಹೋಯಿತು, ಅವನು ಕದರಕೊಪ್ಪದ ಗುಡಿಯ ಹತ್ತಿರ ಚಹದಂಗಡಿ ಇಟ್ಟುಕೊಂಡ. ಆ ಆಗಸ್ಟಿನ ಧ್ವಜವಂದನೆಗೆ ಪಾಂಡಪ್ಪ ತಲೆಯಿಂದ ಕಾಲಿನವರೆಗೂ ಖಾದಿಯಲ್ಲಿ ಬಂದ. ಮಗ್ಗದ ಊರಿನವರು ಅದನ್ನು ಮುಟ್ಟಿ ನೋಡಿ, ನೇಯ್ಗೆ ಸಡಿಲ ಎಂದರು. ಅವನು ವೇದಿಕೆ ಹತ್ತಿ ತಾನು ಜೈಲು ಕಂಡವನೆಂದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡಾಗ ಸಂಶಯವೇ ಬೇಡವೆಂದು ಫಕೀರಸಾಬನನ್ನು ಅಂಗಡಿಯಿಂದ ಎಬ್ಬಿಸಿ ಕರೆಸಿದ.

"ಹೇಳ್ರಿ ಫಕೀರಸಾಬ, ನಲವತ್ತೆರಡ್ರಾಗ ನನ್ನ ಹಿಡದು ಒಳಗ ಹಾಕಿದ್ರೋ ಇಲ್ಲೋ?"

"ಹಾಕಿದ್ನಿರಿ."

"ಬಾಗಲಕ್ಕ ಕೀಲಿ ಹಾಕಿದವ್ರು ಯಾರು?"

"ನಾನ ಹಾಕಿದ್ನಿರಿ. ಆದ್ರ ಅದು..."

ಚಪ್ಪಾಳೆ ಬಿತ್ತು, ಬಾಜಾ ಶುರುವಾಯಿತು. ಫಕೀರಸಾಬನ ಮಿಕ್ಕ ಮಾತು ಕಹಳೆಯಲ್ಲಿ ಮುಚ್ಚಿಹೋಯಿತು. ಸಂಜೆ ಅಂಗಡಿಯಲ್ಲಿ ಯಾರೋ "ಯಾಕಜ್ಜಾ, ನೂಲಿನ ಕಥಿ ಹೇಳಬೇಕಿಲ್ಲೇನು?" ಎಂದು ಕೇಳಿದ್ದಕ್ಕೆ ಅವನು ಚಹ ಸೋಸುತ್ತ, "ಕೇಳಿದ್ದಕ್ಕ ಹೇಳೀನಪಾ. ಕೇಳದಿದ್ದದ್ದು ಹೇಳಾಕ ಈಗ ನನಗ ಪಗಾರ ಎಲ್ಲೈತಿ?" ಎಂದನಂತೆ. ಫಕೀರಸಾಬ ಕೆಟ್ಟವನಲ್ಲ. ಆದರೆ ಪಾಂಡಪ್ಪನಂಥವರು ಮೇಲೇರುವುದು ಇಂಥ ಕೆಟ್ಟವರಲ್ಲದವರ ಹೆಗಲ ಮೇಲೆಯೇ.

ಅಲ್ಲಿಂದ ಮುಂದೆ ಏಣಿ ಸಲೀಸಾಯಿತು. ನೇಕಾರರ ಸಹಕಾರಿ ಸಂಘ ಹುಟ್ಟಿದಾಗ ಅಧ್ಯಕ್ಷ ಅವನೇ, ಏಕೆಂದರೆ ನೂಲು ತರುವ ಹಾದಿ ಗೊತ್ತಿದ್ದವನು ಅವನೊಬ್ಬನೇ. ಆಮೇಲೆ ಪಂಚಾಯತಿ, ಆಮೇಲೆ ಜಿಲ್ಲಾ ಲೋಕಲ್ ಬೋರ್ಡಿನ ಸದಸ್ಯತ್ವ. ಹುಣಸೆಮರದ ಕೆಳಗೆ ಒಂದು ಗೋದಾಮು ಕಟ್ಟಿಸಿ ಹತ್ತಿಯ ವ್ಯಾಪಾರಕ್ಕೂ ಕೈಹಾಕಿದ. ಗೋಪಣ್ಣ ಐವತ್ತೊಂದನೆಯ ಇಸವಿಯಲ್ಲಿ ಜ್ವರದಿಂದ ಸತ್ತ. ಪಾಂಡಪ್ಪ ಅಣ್ಣನ ಹೆಣದ ಮುಂದೆ ನಿಂತು ನೇಕಾರರ ಏಳಿಗೆಯ ಬಗ್ಗೆ ಮಾತನಾಡಿದ. ಬನಶಂಕರೆವ್ವ ಹದಿನಾಲ್ಕು ದಾಟದ ಮಗಳು ಚೌಡವ್ವನನ್ನು ಕಟ್ಟಿಕೊಂಡು, ಗಂಡನ ಮಗ್ಗದ ಕುಣಿಗೆ ತಾನೇ ಇಳಿದಳು.

ಏಕೀಕರಣದ ವಿಷಯದಲ್ಲಿ ಅವನ ಹೋರಾಟವೆಂದರೆ ಹೀಗೆ. ಸಂಸ್ಥಾನದ ಗಡಿ ಹೋದ ಮೇಲೆ ಅವನಿಗೆ ಉಳಿದದ್ದು ಹೊಳೆಯ ಗಡಿಯೊಂದೇ. ಅದೂ ಹೋದರೆ ಕೊರ್ಲಹಳ್ಳಿಯ ಹರಿಗೋಲಿನಲ್ಲಿ ಬರುವ ಆದಾಯ ನಿಂತಂತೆ. ಆದ್ದರಿಂದ ಒಂದು ರಾಜ್ಯ ಬೇಡವೆಂದು ಊರೂರಿಗೆ ಭಾಷಣ ಮಾಡಿದ. ಬರೆದುಕೊಟ್ಟವರು ಊರಿನ ಶಾಲೆಯ ಜಯತೀರ್ಥ ಮಾಸ್ತರರು. ಹಳೆಗನ್ನಡ ಓದಿದವರು, ಲೋಕಲ್ ಬೋರ್ಡಿನ ಶಾಲೆಯಲ್ಲಿ ವರ್ಗಾವಣೆಗೆ ಹೆದರಿ ಬದುಕಿದವರು. ಐವತ್ತೈದರಲ್ಲಿ ಗಾಳಿ ಎತ್ತ ಬೀಸುತ್ತದೆಂದು ಸ್ಪಷ್ಟವಾದಾಗ ಪಾಂಡಪ್ಪ ಹೊಸ ಭಾಷಣ ಕೇಳಿದ.

"ಹೊಸಾದು ಯಾಕ ಬೇಕ್ರಿ?" ಎಂದರು ಮಾಸ್ತರರು. "ಹೋದ ವರ್ಷದ್ದ ಅದ. ಬ್ಯಾಡ ಅಂತ ಇದ್ದಲ್ಲೆ ಬೇಕು ಅಂತ ತಿದ್ದೇನಿ. ಛಲೋ ಕೂಡತದ."

ನಿಜವಾಗಿಯೂ ಕೂಡಿತು. ಓದಿದವರ ನಾಚಿಕೆಗೇಡಿತನಕ್ಕೆ ಹೋಲಿಸಿದರೆ ಪಾಂಡಪ್ಪನದು ಮುಗ್ಧತೆ ಎಂದೇ ಹೇಳಬೇಕು.

ರಾಜ್ಯ ಒಂದಾಯಿತು. ಚುನಾವಣೆ ಬರುವುದಿತ್ತು. ಪಕ್ಷದ ಟಿಕೆಟ್ಟಿಗೆ ಪಾಂಡಪ್ಪನ ಜೊತೆ ಇನ್ನೂ ಹಲವರು ಸಾಲು ನಿಂತಿದ್ದರು. ಹೊಸ ಸರಕಾರದ ಮಂತ್ರಿಯೊಬ್ಬರು ಈ ಸೀಮೆಯ ಪ್ರವಾಸಕ್ಕೆ ಬರುವ ಸುದ್ದಿ ತಿಳಿದು, ಅವರ ಕೈಯಿಂದ ಕದರಕೊಪ್ಪದಲ್ಲಿ ಒಂದು ರಸ್ತೆಗೆ ಅಡಿಗಲ್ಲು ಹಾಕಿಸುವುದೆಂದು ನಿಶ್ಚಯಿಸಿದ. ರಸ್ತೆ ಹಾಸಿನ ಓಣಿಯ ಮೇಲೆ ಹಾಯುವುದು. ಊರೊಳಗಿಂದ ಅವನ ಗೋದಾಮಿಗೆ ಲಾರಿ ಹೋಗಬಲ್ಲ ನೇರ ದಾರಿ ಅದೊಂದೇ. ಓಣಿಯಲ್ಲಿ ಇನ್ನು ಮೇಲೆ ಹಾಸು ಹಾಕಬಾರದೆಂದು ಪಂಚಾಯತಿಯಿಂದ ಡಂಗುರ ಹೊಡೆಸಿದ.

ಮರುದಿನ ಓಣಿಯವರು ಅವನ ಪಡಸಾಲೆಗೆ ಬಂದರು. ಗಂಡಸರು ನೆಲ ನೋಡುತ್ತ ಕುಳಿತರು. ಬಾಯಿ ಬಿಟ್ಟವಳು ಬನಶಂಕರೆವ್ವ.

"ರಸ್ತೆ ಬರ್ಲಿ ಪಾಂಡ್ಯಾ, ಯಾರು ಬ್ಯಾಡ ಅಂತಾರ? ಊರ ಹೊರಗ ಸುತ್ತು ಹಾಕ್ಕೊಂಡು ಬರ್ಲಿ."

"ಹೊರಗ ಹ್ವಾದ್ರ ಊರಿಗೇನು ಉಪಯೋಗ ಆತು?"

"ಊರಿಗೋ, ಹುಣಸಿಮರದ ಕೆಳಗಿನ ನಿನ್ನ ಗ್ವಾದಾಮಿಗೋ?"

ಹಿಂದೆ ಕುಳಿತ ಯಾರೋ ಕೆಮ್ಮಿದಂತೆ ನಕ್ಕರು. ಪಾಂಡಪ್ಪನ ಮುಖ ಬಿಗಿಯಿತು.

"ವೈನಿ, ಮಂದಿ ಮುಂದ ಪಾಂಡ್ಯಾ ಗೀಂಡ್ಯಾ ಅನಬ್ಯಾಡ. ನಾ ಈಗ ಲೋಕಲ್ ಬೋರ್ಡಿನಾಂವ."

"ಮತ್ತ ಏನಂತ ಕರೀಲಿ? ಏ ಬೋರ್ಡಾ ಅಂತ ಕರೀಲೇನು?"

ಈ ಸಲ ಎಲ್ಲರೂ ನಕ್ಕರು. ನಗು ಇಳಿದ ಮೇಲೆ ಅವಳು ಕೇಳಿದಳು: "ಅದೆಲ್ಲ ಇರ್ಲಿ. ನಾವು ಹಾಸು ಎಲ್ಲಿ ಹಾಕೂಣು, ಅದನ್ನ ಹೇಳು."

"ಹೊಲದಾಗ ಹಾಕ್ರಿ. ಹೊಲಕ್ಕೇನು ಬರ ಐತಿ?"

"ಎರಿ ಹೊಲದಾಗ? ಗಾಳಿ ಎದ್ದು ಗಂಜ್ಯಾಗ ಧೂಳ ಕುಂತ್ರ, ಆ ಸೀರಿ ಉಟ್ಟಾಕಿ ಮೈ ಕೆರಕೊಂಡು ನಮಗ ಹಿಡಿಶಾಪ ಹಾಕತಾಳ. ನೀ ಮಗ್ಗದ ಮನ್ಯಾಗ ಹುಟ್ಟೀಯೋ, ಇಲ್ಲಾ ಸಂತ್ಯಾಗ ಸಿಕ್ಕೀಯೋ?"

ಪಾಂಡಪ್ಪ ಎದ್ದು ನಿಂತ. ವಾದದಲ್ಲಿ ಸೋತಾಗಲೆಲ್ಲ ಎದ್ದು ನಿಲ್ಲುವುದು ಅವನ ಪದ್ಧತಿ. "ಒಂದ ಮಾತು ಕೇಳ್ರಿ. ಮಂತ್ರಿಗಳು ಬರೂ ದಿನ ಯಾರದರ ಹಾಸು ಓಣ್ಯಾಗ ಕಂಡ್ರ, ಆ ಮನಿಗೆ ಸೊಸೈಟಿ ನೂಲು ಬಂದ್. ಆಮ್ಯಾಲೆ ನನ್ನ ಕಡೆ ಬರಬ್ಯಾಡ್ರಿ."

ಎಲ್ಲರಿಗೂ ಅರ್ಥವಾಯಿತು. ಓಣಿ ಹೋದರೆ ಹಾಸಿಲ್ಲ, ಓಣಿಗಾಗಿ ಮಾತನಾಡಿದರೆ ನೂಲಿಲ್ಲ. ಗಂಡಸರು ಬಂದಂತೆಯೇ ನೆಲ ನೋಡುತ್ತ ಎದ್ದು ಹೋದರು. ಮಂತ್ರಿಗಳ ದಿನ ಯಾರೂ ಹಾಸು ಹೊರಗೆ ತರಬಾರದು, ತಂದವರೊಂದಿಗೆ ಯಾರೂ ಕೈಜೋಡಿಸಬಾರದು ಎಂದು ಅಂದೇ ಸಂಜೆ ಗುಡಿಯ ಮುಂದೆ ಕೂತು ಅವರೇ ನಿಶ್ಚಯಿಸಿಕೊಂಡರು. ಹೆದರಿಕೆಯನ್ನು ಒಮ್ಮತ ಎಂದು ಕರೆಯುವುದು ನಮ್ಮ ಊರುಗಳಲ್ಲಿ ಹಳೆಯ ಅಭ್ಯಾಸ.

ಮಂತ್ರಿಗಳು ಬರುವ ದಿನ ಬೆಳಗಾಗುವ ಹೊತ್ತಿಗೆ ಬನಶಂಕರೆವ್ವ ಹಾಸು ಹೊರಗೆ ತಂದಳು. ಇದನ್ನು ಈಗ ಕೆಲವರು ಸತ್ಯಾಗ್ರಹವೆಂದು ಬಣ್ಣಿಸುತ್ತಾರೆ. ಹಾಗೇನೂ ಇರಲಿಲ್ಲ. ಅಡರಕಟ್ಟಿಯ ರೈತನೊಬ್ಬ ಮಗಳ ಮದುವೆಗೆ ಸೀರೆಗಳನ್ನು ಹೇಳಿ ಹೋಗಿದ್ದ, ಮದುವೆ ಹತ್ತಿರ ಬಂದಿತ್ತು. ಪಾಂಡಪ್ಪ ಸಂಘದಿಂದ ಮನೆಮನೆಗೆ ಕಳಿಸಿದ ಚೀಟಿಯಲ್ಲಿ ಮಂತ್ರಿಗಳು ಬೆಳಿಗ್ಗೆಯೇ ಬರುವರೆಂದು ಇತ್ತು. ಅದನ್ನು ನಂಬುವಷ್ಟು ದಡ್ಡಿ ಅವಳಲ್ಲ.

"ಮಂತ್ರಿ ಅಂದ್ರ ಊಟದ ಹೊತ್ತಿಗೆ ಬರತಾನ," ಎಂದಳು ಮಗಳಿಗೆ. "ಅಷ್ಟರಾಗ ನಮ್ಮದು ಆರಿ, ಸುತ್ತಿ, ಒಳಗ ಹೋಗಿರತೈತಿ. ಹಿಡಿ ಜಲ್ದಿ."

ತಾಯಿ ಮಗಳಿಬ್ಬರೇ ಬಿದಿರು ನಿಲ್ಲಿಸಿದರು, ಹಾಸು ಬಿಗಿದರು, ಗುಡಿಯ ತುದಿಯಿಂದ ಗಂಜಿ ಹಚ್ಚುತ್ತ ಬಂದರು. ಎಲ್ಲ ಮನೆಗಳ ಬಾಗಿಲೂ ಮುಚ್ಚಿದ್ದವು. ಸ್ವಲ್ಪ ಹೊತ್ತಿನಲ್ಲಿ ಎದುರು ಮನೆಯ ಕಸ್ತೂರೆವ್ವ ಬೈಯಲೆಂದೇ ಹೊರಬಂದಳು.

"ಎವ್ವಾ ತಂಗೀ, ನಿನಗೇನು ಹುಚ್ಚು ಗಿಚ್ಚು ಹಿಡದೈತೇನು? ನಿನ್ನಿ ಎಲ್ಲಾರೂ ಕೂಡಿ ಏನಂತ ಮಾತಾಡೇವಿ?"

"ಬೈಯಾಕ ಬಂದೀದಿ, ಬೈದು ಹೋಗು. ಗಂಜಿ ಆರತೈತಿ, ನನಗ ಮಾತಾಡಾಕ ಪುರುಸೊತ್ತಿಲ್ಲ."

ಕಸ್ತೂರೆವ್ವ ಬೈದಳು. ಬೈಯುತ್ತ ಬೈಯುತ್ತ ಒಳಗೆ ಹೋಗಿ ತನ್ನ ಕುಂಚ ತಂದಳು. "ಏನ್ ಮಾಡಲೇ, ಹಸಿ ಗಂಜಿ ಕಂಡ್ರ ಕೈ ಸುಮ್ಮನ ಕುಂಡ್ರವಲ್ದು," ಎಂದು ಹಾಸಿನ ಇನ್ನೊಂದು ಬದಿಗೆ ನಿಂತಳು. ಆಮೇಲೆ ಒಂದೊಂದೇ ಬಾಗಿಲು ತೆರೆಯಿತು. ಗಂಡಸರು ಯಾರ ಕಣ್ಣಿಗೂ ಕಣ್ಣು ಕೊಡದೆ ಬಂದು ನಿಂತರು. ಇದರಲ್ಲಿ ಧೈರ್ಯವೆನ್ನುವಂಥದ್ದು ಏನೂ ಇಲ್ಲ. ತಲೆಮಾರುಗಳಿಂದ ಕೈಗೆ ಬಂದ ರೂಢಿ, ಸಂಜೆಯ ನಿರ್ಣಯಕ್ಕಿಂತ ಒಂದು ಗಳಿಗೆ ಬಲವಾಯಿತು, ಅಷ್ಟೇ. ಸೂರ್ಯ ಹುಣಸೆಮರದ ಮೇಲೆ ಬರುವ ಹೊತ್ತಿಗೆ ಓಣಿಯುದ್ದಕ್ಕೂ ಜನ, ನಡುವೆ ಕೆಂಪು ಹಾಸು.

ಆಗ ಪಾಂಡಪ್ಪ ಬಂದ. ಅವನ ಹಿಂದೆ ಪಂಚಾಯತಿಯ ಜವಾನ, ಜವಾನನ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಅರಿಶಿನ ಕುಂಕುಮ, ಮಂತ್ರಿಗಳು ಟೇಪು ಕತ್ತರಿಸಲೆಂದು ಗದಗಿನಿಂದ ತಂದ ಹೊಳೆಯುವ ಕತ್ತರಿ.

"ಎತ್ರೀ ಇದನ್ನ! ಈಗಿಂದೀಗ ಎತ್ರಿ!"

"ಹಸೀದು ಐತಿ," ಎಂದಳು ಬನಶಂಕರೆವ್ವ. ಕೈ ನಿಲ್ಲಿಸಲಿಲ್ಲ, ತಿರುಗಿ ನೋಡಲಿಲ್ಲ.

"ಹಸೀದರ ಇರ್ಲಿ, ಒಣಗಿದ್ದರ ಇರ್ಲಿ! ಏ, ಕೊಯ್ಯಲೇ ಅದನ್ನ!" ಎಂದು ಜವಾನನಿಗೆ ಕೂಗಿದ.

ಜವಾನ ಅದೇ ಓಣಿಯ ಅಳಿಯ. "ನನ್ನ ಕೈಲೆ ಆಗೂದಿಲ್ರಿ ಯಜಮಾನ್ರ. ಬೇಕಾದ್ರ ನೌಕರಿ ಬಿಡಸ್ರಿ," ಎಂದು ತಟ್ಟೆಯನ್ನು ಅವನ ಮುಂದೆಯೇ ಚಾಚಿದ. ಪಾಂಡಪ್ಪ ಕತ್ತರಿ ತೆಗೆದುಕೊಂಡ. ತನ್ನ ಅಣ್ಣನ ಮಗ್ಗದ ಹಾಸಿನ ಕಡೆಗೆ ಎರಡು ಹೆಜ್ಜೆ ಇಟ್ಟ. ಅವನು ಖಂಡಿತ ಕತ್ತರಿಸುತ್ತಿದ್ದ. ಈ ವಿಷಯದಲ್ಲಿ ಅವನಿಗೆ ಸಂಶಯದ ಲಾಭ ಕೊಡುವ ಉದಾರಿಗಳನ್ನು ನಾನು ಕಂಡಿದ್ದೇನೆ, ಆದರೆ ಅಂದು ಅಲ್ಲಿದ್ದವರು ಯಾರೂ ಆ ಉದಾರಿಗಳಲ್ಲಿ ಇಲ್ಲ.

ಅಷ್ಟರಲ್ಲಿ ಗುಡಿಯ ಬಳಿ ಜೀಪಿನ ಹಾರನ್ ಕೇಳಿಸಿತು. ಮಂತ್ರಿಗಳು ಹೇಳಿದ ಹೊತ್ತಿಗೇ ಬಂದಿದ್ದರು. ಅವರು ಮೈಸೂರಿನ ಕಡೆಯವರು, ಹೊಸಬರು, ಮಂತ್ರಿಯಾದವನು ತಡವಾಗಿ ಹೋಗಬೇಕೆಂಬುದು ಅವರಿಗಿನ್ನೂ ತಿಳಿದಿರಲಿಲ್ಲ.

ಪಾಂಡಪ್ಪ ಜೀಪನ್ನು ನೋಡಿದ. ಕತ್ತರಿ ಜುಬ್ಬದ ಕಿಸೆಗೆ ಹೋಯಿತು. ಚೌಡವ್ವನ ಕೈಯಲ್ಲಿದ್ದ ಕುಂಚ ಅವನ ಕೈಗೆ ಬಂತು. ಮಂತ್ರಿಗಳು ಕೆಳಗಿಳಿದು ಬರುವಷ್ಟರಲ್ಲಿ ಅವನು ಬಾಗಿ ನಿಂತು ಹಾಸನ್ನು ತಿಕ್ಕುತ್ತಿದ್ದ, ಸರಿಯಾಗಿಯೇ ತಿಕ್ಕುತ್ತಿದ್ದ. ಚಿಕ್ಕಂದಿನಲ್ಲಿ ಕಲಿತ ಕೈ ಅದು. ಇಡೀ ಮೈಯಲ್ಲಿ ಸುಳ್ಳು ಹೇಳದಿದ್ದ ಅಂಗ ಅವನಿಗೆ ಅದೊಂದೇ ಇತ್ತು, ಅದನ್ನೂ ಆ ದಿನ ಕೆಲಸಕ್ಕೆ ಹಚ್ಚಿದ.

ಮಂತ್ರಿಗಳು ಬೆರಗಾಗಿ ನಿಂತರು. "ಏನ್ರೀ ಇದು, ಅಧ್ಯಕ್ಷರೇ ಕೆಲಸಕ್ಕೆ ಇಳಿದುಬಿಟ್ಟಿದ್ದೀರಿ!"

"ನಾವು ನೇಕಾರ್ರು ಸಾಹೇಬ್ರ," ಎಂದ ಪಾಂಡಪ್ಪ ಬೆವರು ಒರೆಸುತ್ತ. "ಹೂವಿನ ಹಾರ ಯಾರರ ಹಾಕತಾರ. ನಿಮಗಂತ ಇಡೀ ಓಣಿ ಕೂಡಿ ಹಾಸು ಹಾಸೇವಿ. ನೋಡ್ರಿ, ಮುಂಬೈ ಎಳಿ, ಮದ್ರಾಸ್ ಎಳಿ, ಹೈದರಾಬಾದ್ ಎಳಿ, ಮೈಸೂರು ಎಳಿ, ಎಲ್ಲಾ ಕೂಡಿ ಒಂದ ಸೀರಿ ಆತು. ಇದ ನಮ್ಮ ಏಕೀಕರಣ."

ಪಕ್ಕದಲ್ಲಿದ್ದ ಜಯತೀರ್ಥ ಮಾಸ್ತರರು ಬಾಯಿ ತೆರೆದು ನೋಡಿದರು. ತಾವು ಬರೆದುಕೊಡದೆಯೂ ಅವನು ಇಷ್ಟು ಚೆನ್ನಾಗಿ ಸುಳ್ಳು ಹೇಳಬಲ್ಲನೆಂದು ಅವರಿಗೆ ಗೊತ್ತಿರಲಿಲ್ಲ. ಮಂತ್ರಿಗಳ ಕಣ್ಣು ತೇವವಾಯಿತು. ಹುಬ್ಬಳ್ಳಿಯಿಂದ ಬಂದಿದ್ದ ಛಾಯಾಗ್ರಾಹಕ ಫೋಟೋ ತೆಗೆದ.

ಆಗ ಬನಶಂಕರೆವ್ವ ಹಾಸಿನ ಆಚೆಯಿಂದ ಹೇಳಿದಳು: "ಪಾಂಡ್ಯಾ, ಚೂರು ಹಿಂದ ಸರದು ನಿಂದ್ರು. ಕಿಸೇದಾಗ ಕತ್ತರಿ ಐತಿ. ಎಳಿಗೆ ತಾಕೀತು."

ಪಾಂಡಪ್ಪನ ಕೈ ಅಲ್ಲೇ ನಿಂತಿತು. ಮಂತ್ರಿಗಳು ಮಾತ್ರ ಮನಸಾರೆ ನಕ್ಕರು. "ನೋಡಿದಿರಾ, ಅಧ್ಯಕ್ಷರಾದರೂ ಕಿಸೆಯಲ್ಲಿ ಕತ್ತರಿ ಇಟ್ಟುಕೊಂಡೇ ಓಡಾಡುತ್ತಾರೆ. ಅಪ್ಪಟ ನೇಕಾರ!" ಸುತ್ತಲಿನ ಅಧಿಕಾರಿಗಳೂ ನಕ್ಕರು. ಓಣಿಯವರು ಒಬ್ಬರೂ ಬಾಯಿ ಬಿಡಲಿಲ್ಲ. ಆ ಮಾತನ್ನು ಬಿಡಿಸಿ ಹೇಳಲು ಒಬ್ಬನಿಗೆ ಒಂದು ನಿಮಿಷ ಸಾಕಾಗಿತ್ತು.

ಮಂತ್ರಿಗಳು ಅಡಿಗಲ್ಲು ಹಾಕಲು ಒಪ್ಪಲಿಲ್ಲ. ಇಂಥ ಓಣಿಯ ಮೇಲೆ ರಸ್ತೆ ಮಾಡುವುದು ಪಾಪ, ರಸ್ತೆ ಊರ ಹೊರಗೆ ಹಾಯಲಿ ಎಂದರು. ಪಾಂಡಪ್ಪ ಎಲ್ಲರೆದುರು ಬನಶಂಕರಿಯ ಗುಡಿಯ ಕಡೆಗೆ ಕೈಯೆತ್ತಿ, "ನಾ ಇರೂ ತನಕ ಈ ಓಣ್ಯಾಗ ಒಂದು ಗಾಲಿ ಉರಳಾಕ ಬಿಡೂದಿಲ್ಲ" ಎಂದು ಆಣೆ ಮಾಡಿದ. ಓಣಿ ಉಳಿಯಿತೆಂದು ಜನ ನಿಟ್ಟುಸಿರು ಬಿಟ್ಟರು. ಟಿಕೆಟ್ಟು ಅವನಿಗೇ ಸಿಕ್ಕಿತು. ಕುಂಚ ಹಿಡಿದ ಫೋಟೋ ಮುಂಡರಗಿಯಿಂದ ಲಕ್ಷ್ಮೇಶ್ವರದವರೆಗೆ ಗೋಡೆಗೋಡೆಗೂ ಅಂಟಿತು. ಐವತ್ತೇಳರ ವಸಂತದಲ್ಲಿ ಅವನು ಶಾಸಕನಾಗಿ ಬೆಂಗಳೂರಿಗೆ ಹೋದ.

ಆಣೆಯನ್ನು ಅವನು ಮುರಿಯಲಿಲ್ಲ. ಮುರಿಯುವ ಅಗತ್ಯವೇ ಅವನಿಗೆ ಬರಲಿಲ್ಲ. ಬೆಟಗೇರಿಯಲ್ಲಿ ಹೆಂಡತಿಯ ತಮ್ಮನ ಹೆಸರಿನಲ್ಲಿ ಒಂದು ಕಾರ್ಖಾನೆ ಹಾಕಿಸಿದ. ಅಲ್ಲಿ ಯಂತ್ರದಿಂದ ಗಂಜಿ ಹಚ್ಚಿ, ಒಣಗಿಸಿ, ಸುತ್ತಿದ ತಯಾರು ಹಾಸು ಸಂಘದ ಮೂಲಕ ಕದರಕೊಪ್ಪಕ್ಕೆ ಬರತೊಡಗಿತು. ಮೊದಲು ಅಗ್ಗಕ್ಕೆ ಬಂತು. ಮನೆಯಲ್ಲಿ ಗಂಜಿ ಕುದಿಸುವುದು ತಪ್ಪಿತು, ಬೆಳಗಿನ ಚಳಿಯಲ್ಲಿ ಓಣಿಯಲ್ಲಿ ಬಾಗಿ ನಿಲ್ಲುವುದು ತಪ್ಪಿತು. ಇದರಿಂದ ಹೆಂಗಸರ ಬೆನ್ನಿಗೆ ಸುಖ ಸಿಕ್ಕಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಾಸು ಎಲ್ಲಿಂದ ಬರುತ್ತದೆ, ನಾಳೆ ಬಾರದಿದ್ದರೆ ಏನು ಮಾಡುವುದು ಎಂದು ಕೇಳಿದವರು ಯಾರೂ ಇಲ್ಲ. ಕಸ್ತೂರೆವ್ವ ತೆಗೆದುಕೊಂಡಳು, ಜವಾನನ ಮಾವ ತೆಗೆದುಕೊಂಡ, ಒಂದೆರಡು ವರ್ಷಗಳಲ್ಲಿ ಎಲ್ಲರೂ ತೆಗೆದುಕೊಂಡರು.

ಬನಶಂಕರೆವ್ವ ಮಾತ್ರ ಓಣಿಯಲ್ಲಿ ಹಾಸು ಹಾಕುತ್ತಲೇ ಇದ್ದಳು. ಮೊದಮೊದಲು ಜನ ಬಂದರು. ಆಮೇಲೆ ಕೆಲವರು ಬಂದರು. ತಮ್ಮ ಹಾಸು ಹೊರಗೆ ಬೀಳದಿರುವಾಗ ಇನ್ನೊಬ್ಬರ ಹಾಸಿನ ಕೆಲಸಕ್ಕೆ ಏಕೆ ಕೈಜೋಡಿಸಬೇಕು ಎಂದು ಜನರಿಗೆ ಅನಿಸತೊಡಗಿತು. ಕರೆಯುವುದು ರೂಢಿಯಲ್ಲವಾದ್ದರಿಂದ ಅವಳು ಕರೆಯಲೂ ಇಲ್ಲ. ಒಂದು ಬೆಳಿಗ್ಗೆ ಓಣಿಯುದ್ದದ ಹಸಿ ಹಾಸಿನ ಎದುರು ತಾಯಿ ಮಗಳಿಬ್ಬರೇ ಉಳಿದರು. ಈ ತುದಿಯಿಂದ ಆ ತುದಿಗೆ ಮುಟ್ಟುವಷ್ಟರಲ್ಲಿ ಈ ತುದಿ ಆರಿತ್ತು. ಎಳೆಗಳು ಅಂಟಿದವು. ಕಟ್ಟೆಯ ಮೇಲೆ ಕೂತವರು ನೋಡಿದರು. ಚೌಡವ್ವ ಅಳುತ್ತ ಬಿಡಿಸಲು ಹೋದಳು.

"ಬಿಡ," ಎಂದಳು ತಾಯಿ. "ಅತ್ರ ಎಳಿ ಬಿಡೂದಿಲ್ಲ."

ಮರುದಿನ ಅವಳು ಸಂಘಕ್ಕೆ ಹೋಗಿ ತಯಾರು ಹಾಸು ಕೇಳಿದಳು. ಊರಿಗೆ ಬಂದಿದ್ದ ಪಾಂಡಪ್ಪ ಗಾದಿಯ ಮೇಲೆ ಕೂತಿದ್ದ. ಶಾಸಕನ ಮೈ ತುಂಬಿತ್ತು.

"ಕಡೀಕ ಬಂದೆಲ್ಲಾ ವೈನಿ," ಎಂದ ನಗುತ್ತ. "ಮೊದಲ ಬಂದಿದ್ರ ಇಷ್ಟ ತ್ರಾಸ ಇರತಿತ್ತೇನು?"

"ಇಲ್ಲ ನೋಡು," ಎಂದಳು ಬನಶಂಕರೆವ್ವ, ಹಾಸಿನ ಉರುಳೆಯನ್ನು ಹೆಗಲಿಗೇರಿಸುತ್ತ. "ನನಗೂ ತ್ರಾಸ ತಪ್ಪಿತು, ನಿನಗೂ ತಪ್ಪಿತು. ಇನ್ನ ಮಂತ್ರಿ ಬಂದ್ರ ಕುಂಚ ಹಿಡಿಯಾಕ ಬಗ್ಗೂ ಕೆಲಸ ಇಲ್ಲ."

ಅವನು ಅದನ್ನು ಹೊಗಳಿಕೆಯೆಂದು ತಿಳಿದು ಇನ್ನಷ್ಟು ನಕ್ಕ.

ಆ ಬೇಸಿಗೆಯಲ್ಲಿ ಓಣಿಯ ಗಂಡಸರು ತಾವಾಗಿಯೇ ಹೆಬ್ಬೆಟ್ಟು ಒತ್ತಿ ಅರ್ಜಿ ಕೊಟ್ಟರು. ಓಣಿ ಖಾಲಿ ಬಿದ್ದಿದೆ, ಮಳೆಗಾಲದಲ್ಲಿ ಕೆಸರಾಗುತ್ತದೆ, ಶಾಸಕರು ದಯಮಾಡಿ ರಸ್ತೆ ಮಾಡಿಸಿಕೊಡಬೇಕು. ಅರ್ಜಿ ಬರೆದ ಕೈ ಜಯತೀರ್ಥ ಮಾಸ್ತರರದು ಎಂದು ಬೇರೆ ಹೇಳಬೇಕಾಗಿಲ್ಲ. ಜನರ ಒತ್ತಾಯಕ್ಕೆ ಮಣಿದು ತನ್ನ ಆಣೆಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ ಎಂದು ಪಾಂಡಪ್ಪ ಗುಡಿಯ ಮುಂದೆ ಸಭೆ ಮಾಡಿ ಹೇಳಿದ, ದೇವಿಗೆ ಒಂದು ಸೀರೆ ಉಡಿಸಿದ. ಮಿಲ್ಲಿನ ಸೀರೆ. ತಯಾರು ಹಾಸಿನ ದರ ಅದರ ಮರುವರ್ಷದಿಂದ ಏರತೊಡಗಿತು.

ಖಡಿ ಕಲ್ಲು ಬಿತ್ತು, ಡಾಂಬರು ಬಿತ್ತು. ಮೊದಲ ಲಾರಿ ಹತ್ತಿ ತುಂಬಿದ ಅಂಡಿಗೆಗಳನ್ನು ಹೇರಿಕೊಂಡು ಗುಡಿಯಿಂದ ಹುಣಸೆಮರದ ಕಡೆಗೆ ಹೊರಟ ದಿನ ಓಣಿಯವರೆಲ್ಲ ಮಕ್ಕಳನ್ನು ಎಳೆದುಕೊಂಡು ಕಟ್ಟೆಗಳ ಮೇಲೆ ಸಾಲಾಗಿ ನಿಂತರು. ಬನಶಂಕರೆವ್ವ ಒಳಗೆ ಮಗ್ಗದಲ್ಲಿದ್ದಳು, ಹೊರಗೆ ಬರಲಿಲ್ಲ. ಪಾಂಡಪ್ಪ ಡ್ರೈವರನ ಪಕ್ಕದಲ್ಲಿ ಕುಳಿತು ಎರಡೂ ಬದಿಗೆ ಕೈಮುಗಿಯುತ್ತ ಬಂದ. ಓಣಿಯವರೂ ಕೈಮುಗಿದರು.